ಪಂಪಿನ ತುದಿ ಎಲ್ಲಿದೆ ಎಂಬುದು ಕಾಣಲಿ: ಕ್ಯಾಥ್ ಲ್ಯಾಬ್ ತಂಡಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಕ್ಯಾಥ್ ಲ್ಯಾಬ್‌ಗಳಲ್ಲಿ ದುಡಿಯುತ್ತಿರುವ ಹೃದ್ರೋಗ ತಜ್ಞರೇ, ಎಕೋ ತಜ್ಞರೇ, ಅರಿವಳಿಕೆ ತಜ್ಞರೇ, ತಂತ್ರಜ್ಞರೇ, ಶುಶ್ರೂಷಾ ಸಿಬ್ಬಂದಿಯವರೇ,

ಭಾರೀ ಹೃದಯಾಘಾತವಾಗಿ ಎಡ ಹೃತ್ಕುಕ್ಷಿಯ ಬಲವೇ ಉಡುಗಿಹೋದ ರೋಗಿಯನ್ನು ಯಾವ ಹೊತ್ತಿನಲ್ಲಿ ಕರೆತಂದರೂ ಮೇಜಿನ ಮೇಲೆ ಮಲಗಿಸಿಕೊಂಡು ಮುಚ್ಚಿದ ರಕ್ತನಾಳವನ್ನು ತೆರೆಯುವವರು ನೀವು. ನಾಳ ತೆರೆದರೂ ರಕ್ತದೊತ್ತಡ ಏಳದೆ, ಕೈಕಾಲು ತಣ್ಣಗಾಗಿ, ಮೂತ್ರ ಇಳಿಯದೆ ಹೋದಾಗ ತೊಡೆಸಂದಿನ ಧಮನಿಯಿಂದ ಹೃದಯದೊಳಕ್ಕೇ ಒಂದು ಪುಟ್ಟ ಪಂಪನ್ನು ಕಳಿಸಿ, ಕೆಲವು ದಿನ ಅದರ ಆಸರೆಯಲ್ಲಿ ರೋಗಿಯನ್ನು ಉಳಿಸಿಕೊಳ್ಳುವ ದಾರಿ ಈಗ ನಮ್ಮ ದೊಡ್ಡ ಆಸ್ಪತ್ರೆಗಳಿಗೂ ಬಂದಿದೆ. ಆ ಪಂಪನ್ನು ಯಾರಿಗೆ ಇಡಬೇಕು, ಯಾವ ಘಟ್ಟದಲ್ಲಿ ಇಡಬೇಕು ಎಂಬ ಚರ್ಚೆ ನಿಮ್ಮ ನಡುವೆ ಸಾಕಷ್ಟು ನಡೆದಿದೆ. ಅಷ್ಟು ಗಮನ ಸಿಗದ ಇನ್ನೊಂದು ಪ್ರಶ್ನೆಯನ್ನು ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪಂಪು ಇಡುವ ಆ ಹೊತ್ತಿನಲ್ಲಿ ನಿಮ್ಮ ಕಣ್ಣಿಗೆ ಏನೇನು ಕಾಣುತ್ತಿರುತ್ತದೆ? ಎಕ್ಸ್-ರೇ ಪರದೆಯ ಮೇಲಿನ ಲೋಹದ ನೆರಳು ಮಾತ್ರವೇ, ಅಥವಾ ಆ ಲೋಹ ತಾಗುತ್ತಿರುವ ಸ್ನಾಯುವೂ ಕಾಣುತ್ತಿದೆಯೇ? ಎಕ್ಸ್-ರೇ ಮತ್ತು ಎಕೋ ಎರಡೂ ಒಂದೇ ಕ್ಷಣದಲ್ಲಿ, ಸೌಲಭ್ಯವಿದ್ದಲ್ಲಿ ಒಂದೇ ಪರದೆಯ ಮೇಲೆ ಬೆಸೆದುಕೊಂಡು, ಕಾರ್ಯವಿಧಾನದ ಉದ್ದಕ್ಕೂ ಇರಬೇಕು ಎನ್ನುವುದು ನನ್ನ ವಾದ. ಚಿತ್ರವನ್ನು ಆಮೇಲೆ ನೋಡಿಕೊಳ್ಳುವ ತಪಾಸಣೆ ಎಂದು ಬಗೆಯದೆ ಪಂಪಿನದೇ ಒಂದು ಭಾಗವೆಂದು ಎಣಿಸಬೇಕು.

ಮೊದಲು ಪಂಪಿನ ಬಗ್ಗೆ ಗೊತ್ತಿರುವುದನ್ನು ನೋಡೋಣ. ಹೃದಯಾಘಾತದಿಂದ ಬರುವ ಕಾರ್ಡಿಯೋಜೆನಿಕ್ ಶಾಕ್‌ನಲ್ಲಿ ಯಂತ್ರದ ಆಸರೆ ಜೀವ ಉಳಿಸುತ್ತದೆ ಎಂಬ ನಂಬಿಕೆಗೆ ಬಹುಕಾಲ ಪುರಾವೆ ಸಿಕ್ಕಿರಲಿಲ್ಲ. ದಶಕಗಳ ಕಾಲ ಬಳಕೆಯಲ್ಲಿದ್ದ ಬಲೂನ್ ಪಂಪನ್ನು 600 ರೋಗಿಗಳ ಮೇಲೆ ಪರೀಕ್ಷಿಸಿದ ಐಎಬಿಪಿ-ಶಾಕ್ 2 ಅಧ್ಯಯನ 2012ರಲ್ಲಿ ಪ್ರಕಟವಾಯಿತು. 30 ದಿನಗಳೊಳಗಿನ ಸಾವು ಬಲೂನ್ ಇಟ್ಟವರಲ್ಲಿ ಶೇ. 39.7, ಇಡದವರಲ್ಲಿ ಶೇ. 41.3, ಅದನ್ನು ವ್ಯತ್ಯಾಸವೆನ್ನುವಂತಿಲ್ಲ. ಎಕ್ಮೋ ಯಂತ್ರವನ್ನು ಆರಂಭದಲ್ಲೇ ಜೋಡಿಸುವುದನ್ನು 2023ರ ಇಸಿಎಲ್ಎಸ್-ಶಾಕ್ ಅಧ್ಯಯನ ಪರೀಕ್ಷಿಸಿತು, ಅಲ್ಲೂ ಲಾಭ ಕಾಣಲಿಲ್ಲ. ಡೆನ್ಮಾರ್ಕ್, ಜರ್ಮನಿ, ಬ್ರಿಟನ್‌ಗಳ ಆಸ್ಪತ್ರೆಗಳಲ್ಲಿ ಸುಮಾರು ಹತ್ತು ವರ್ಷ ನಡೆದು 2024ರಲ್ಲಿ ಹೊರಬಂದ ಡ್ಯಾಂಜರ್ ಶಾಕ್ ಅಧ್ಯಯನ ಮಾತ್ರ ಬೇರೆ ಉತ್ತರ ಕೊಟ್ಟಿತು. ಇಂಪೆಲ್ಲಾ ಎಂಬ ಸೂಕ್ಷ್ಮ ಪಂಪು ಇಟ್ಟವರಲ್ಲಿ 180 ದಿನಗಳೊಳಗೆ ತೀರಿಕೊಂಡವರು ಶೇ. 45.8, ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 58.5. ಎಂಟು ಜನರಿಗೆ ಪಂಪು ಇಟ್ಟರೆ ಒಂದು ಜೀವ ಹೆಚ್ಚುವರಿಯಾಗಿ ಉಳಿಯುತ್ತದೆ ಎಂದು ಇದರ ಅರ್ಥ. ಈ ಕಾಯಿಲೆಯಲ್ಲಿ ಅದು ಬಹಳ ದೊಡ್ಡ ಮಾತು. ಆದರೆ ಅದೇ ಅಧ್ಯಯನದ ಇನ್ನೊಂದು ಕೋಷ್ಟಕವನ್ನೂ ಓದಬೇಕು. ಮಧ್ಯಮದಿಂದ ತೀವ್ರ ರಕ್ತಸ್ರಾವ ಶೇ. 11.9ರಿಂದ 21.8ಕ್ಕೆ ಏರಿತು. ಕಾಲಿಗೆ ರಕ್ತ ಸಾಲದೆ ಹೋದವರು ಶೇ. 1.1ರಿಂದ 5.6ಕ್ಕೆ ಏರಿದರು. ಡಯಾಲಿಸಿಸ್‌ನಂಥ ಮೂತ್ರಪಿಂಡದ ಆಸರೆ ಬೇಕಾದವರು ಶೇ. 26.7ರಿಂದ 41.9ಕ್ಕೆ ಹೋದರು. ಉಳಿಸುವ ಸಾಧನವೇ ಗಾಯವನ್ನೂ ಮಾಡುತ್ತದೆ. ಹಾಗಾದರೆ ಆ ಗಾಯಗಳಲ್ಲಿ ಎಷ್ಟನ್ನು ತಪ್ಪಿಸಬಹುದು ಎಂಬ ಪ್ರಶ್ನೆ ಪಂಪು ಬೇಕೇ ಬೇಡವೇ ಎಂಬ ಪ್ರಶ್ನೆಯಷ್ಟೇ ತೂಕದ್ದು.

ಈ ಪ್ರಶ್ನೆಗೆ ಒಂದು ಕಟುವಾದ ಸುಳಿವು ಅದೇ 2024ರ ಮಾರ್ಚ್‌ನಲ್ಲಿ ಸಿಕ್ಕಿತು. ಎಡ ಹೃದಯದ ಇಂಪೆಲ್ಲಾ ಪಂಪುಗಳ ಬಳಕೆಯ ಸೂಚನೆಗಳನ್ನು ತಿದ್ದಬೇಕಾದ ಸಂಗತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅತ್ಯಂತ ಗಂಭೀರ ದರ್ಜೆಯ ರೀಕಾಲ್ ಎಂದು ವರ್ಗೀಕರಿಸಿ ಪ್ರಕಟಿಸಿತು. ಪಂಪಿನ ಕ್ಯಾತಿಟರ್ ಎಡ ಹೃತ್ಕುಕ್ಷಿಯ ಗೋಡೆಯನ್ನು ತೂತು ಮಾಡಿದ ಸಂಬಂಧ 129 ಗಂಭೀರ ಹಾನಿಗಳ ವರದಿ ಬಂದಿತ್ತು, ಅವುಗಳಲ್ಲಿ 49 ಸಾವುಗಳು. ಸಾಧನವನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಿಲ್ಲ, ಬದಲಾದದ್ದು ಸೂಚನೆ. ಕ್ಯಾತಿಟರನ್ನು ಮುಂದೆ ತಳ್ಳುವಾಗ, ತಿರುಚುವಾಗ ಚಿತ್ರದ ಮಾರ್ಗದರ್ಶನ ಇರಲಿ. ಎದೆ ಒತ್ತುತ್ತಿರುವಾಗಲೇ ಇಡಬೇಕಾಗಿ ಬಂದರೆ ವಿಶೇಷ ಎಚ್ಚರ ಇರಲಿ ಎಂಬುದು ಅದರ ತಿರುಳು. ಒಟ್ಟು ಬಳಕೆಗೆ ಹೋಲಿಸಿದರೆ ಇಂಥ ಅನಾಹುತಗಳು ವಿರಳ ಎಂದು ನೀವು ಹೇಳಬಹುದು, ಅದು ನಿಜವೂ ಹೌದು. ಆದರೆ ಈ ಅಪಾಯದ ಸ್ವರೂಪವನ್ನು ಗಮನಿಸಿ. ಇಲ್ಲಿ ಯಂತ್ರ ಕೆಟ್ಟಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ಔಷಧ ಸೋತಿಲ್ಲ. ಒಂದು ತುದಿ ಇರಬಾರದ ಕಡೆ ಇತ್ತು, ಅದು ಯಾರಿಗೂ ಹೊತ್ತಿಗೆ ಸರಿಯಾಗಿ ಕಾಣಲಿಲ್ಲ. ಕಂಡಿದ್ದರೆ ತಪ್ಪಿಸಬಹುದಾಗಿದ್ದ ಹಾನಿಯನ್ನು ಔಷಧದ ಅಡ್ಡ ಪರಿಣಾಮದ ಸಾಲಿಗೆ ಸೇರಿಸಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕಾಣದಿರುವುದಕ್ಕೆ ಕಾರಣ ನಿಮ್ಮ ಅಜಾಗರೂಕತೆಯಲ್ಲ, ಎಕ್ಸ್-ರೇಯ ಸ್ವಭಾವ. ಫ್ಲೋರೋಸ್ಕೋಪಿಯಲ್ಲಿ ಲೋಹ ಚೆನ್ನಾಗಿ ಕಾಣುತ್ತದೆ. ರಕ್ತ, ಸ್ನಾಯು, ಕವಾಟ ಮೂರೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣ. ಬಾವಿಗೆ ಕೊಡ ಇಳಿಬಿಟ್ಟವರಿಗೆ ಹಗ್ಗ ಕಂಡು ನೀರು ಕಾಣದಿದ್ದರೆ ಹೇಗೋ ಹಾಗೆ, ಪಂಪು ಎಷ್ಟು ಇಳಿದಿದೆ ಎಂಬುದನ್ನು ಅನುಭವದಿಂದ ಊಹಿಸಬೇಕಾಗುತ್ತದೆ. ಕಾಂಟ್ರಾಸ್ಟ್ ಹಾಕಿದರೆ ಕೆಲವು ಸೆಕೆಂಡು ಆಕಾರ ಮೂಡುತ್ತದೆ, ಆದರೆ ಮೊದಲೇ ಬಳಲಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಹೊರೆ. ಮೇಲಾಗಿ ಪರದೆಯ ಚಿತ್ರಕ್ಕೆ ಆಳವಿಲ್ಲ. ಮುಂದೆ ಇರುವುದೂ ಹಿಂದೆ ಇರುವುದೂ ಒಂದರ ಮೇಲೊಂದು ಬೀಳುತ್ತವೆ. ಇಂಪೆಲ್ಲಾ ಸಿಪಿ ಪಂಪಿನ ರಕ್ತ ಹೀರುವ ಬಾಯಿ ಮಹಾಪಧಮನಿಯ ಕವಾಟದ ಉಂಗುರದಿಂದ ಸುಮಾರು 3.5 ಸೆಂಟಿಮೀಟರ್ ಕೆಳಗಿರಬೇಕು. ರಕ್ತ ಹೊರಬಿಡುವ ಬಾಯಿ ಕವಾಟದ ಮೇಲ್ಗಡೆ ಮಹಾಪಧಮನಿಯಲ್ಲಿರಬೇಕು. ತುದಿಯ ಸುರುಳಿ ಮೈಟ್ರಲ್ ಕವಾಟದ ತಂತುಗಳಿಗಾಗಲಿ ಪ್ಯಾಪಿಲರಿ ಸ್ನಾಯುವಿಗಾಗಲಿ ಸಿಕ್ಕಿಹಾಕಿಕೊಳ್ಳದೆ ಬಿಡಿಯಾಗಿರಬೇಕು. ಹೆಚ್ಚು ಒಳಗೆ ಹೋದರೆ ಎರಡು ಬಾಯಿಗಳೂ ಹೃತ್ಕುಕ್ಷಿಯಲ್ಲೇ ಉಳಿದು ಪಂಪು ಅಲ್ಲಿನ ರಕ್ತವನ್ನು ಅಲ್ಲಿಯೇ ಸುತ್ತಿಸುತ್ತದೆ. ಹೊರಗೆ ಜಾರಿದರೆ ಮಹಾಪಧಮನಿಯಲ್ಲಿ ಅದೇ ವ್ಯರ್ಥ ಸುತ್ತಾಟ. ಬಾಯಿ ಗೋಡೆಗೆ ಒತ್ತಿಕೊಂಡರೆ ಹೀರುವ ಒತ್ತಡ ಹೆಚ್ಚಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಕನ್ಸೋಲಿನಲ್ಲಿ ಬರುವ ಒತ್ತಡದ ಅಲೆ ಮತ್ತು ಮೋಟಾರಿನ ವಿದ್ಯುತ್ ಅಲೆ ಕೆಲವು ತಪ್ಪುಗಳನ್ನು ಹೇಳುತ್ತವೆ. ಮೋಟಾರಿನ ಅಲೆ ಚಪ್ಪಟೆಯಾದರೆ ಎರಡೂ ಬಾಯಿ ಒಂದೇ ಕಡೆ ಇವೆ ಎಂದು ತಿಳಿಯುತ್ತದೆ. ಆದರೆ ತುದಿ ಯಾವ ಸ್ನಾಯುವಿಗೆ ಒರಗಿದೆ, ಗೋಡೆ ಎಷ್ಟು ತೆಳುವಾಗಿದೆ, ಹೃತ್ಕುಕ್ಷಿಯ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತ ಇದೆಯೇ ಎಂಬುದನ್ನು ಯಾವ ಅಲೆಯೂ ಹೇಳದು. ಇವನ್ನೆಲ್ಲ ತೋರಿಸುವುದು ಎಕೋ.

ಎಕ್ಸ್-ರೇ ಮತ್ತು ಎಕೋ ಬೇರೆ ಬೇರೆ ಕೋಣೆ ಸೇರಿದ್ದು ಇತಿಹಾಸದ ಆಕಸ್ಮಿಕ. ವೆರ್ನರ್ ಫೋರ್ಸ್‌ಮನ್ 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ತನ್ನದೇ ತೋಳಿನ ರಕ್ತನಾಳದಿಂದ ಹೃದಯಕ್ಕೆ ಕೊಳವೆ ತೂರಿಸಿಕೊಂಡು ಎಕ್ಸ್-ರೇಯಲ್ಲಿ ನೋಡಿದ ಸಾಹಸದಿಂದ ಒಂದು ಪರಂಪರೆ ಬೆಳೆಯಿತು. ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಸ್ 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಶಬ್ದದ ಅಲೆಗಳಿಂದ ಹೃದಯದ ಚಲನೆ ದಾಖಲಿಸಿದ್ದರಿಂದ ಇನ್ನೊಂದು ಬೆಳೆಯಿತು. ಎರಡಕ್ಕೂ ಬೇರೆ ತರಬೇತಿ, ಬೇರೆ ಯಂತ್ರ, ಬೇರೆ ಭಾಷೆ. ಇಂದಿಗೂ ಬಹಳಷ್ಟು ಲ್ಯಾಬ್‌ಗಳಲ್ಲಿ ಎಕೋ ನೋಡುವವರು ಒಂದು ಪರದೆಯ ಮುಂದೆ, ಕ್ಯಾತಿಟರ್ ಹಿಡಿದವರು ಇನ್ನೊಂದರ ಮುಂದೆ ನಿಲ್ಲುತ್ತಾರೆ. "ಸ್ವಲ್ಪ ಹಿಂದೆ ಎಳೆಯಿರಿ, ಸ್ವಲ್ಪ ಎಡಕ್ಕೆ" ಎಂಬ ಮಾತಿನಲ್ಲಿ ಮೂರು ಆಯಾಮದ ಹೃದಯ ಒಬ್ಬರ ತಲೆಯಿಂದ ಇನ್ನೊಬ್ಬರ ಕೈಗೆ ದಾಟಬೇಕು. ಒಬ್ಬರ ಎಡ ಇನ್ನೊಬ್ಬರ ಪರದೆಯಲ್ಲಿ ಎಡವಾಗಿರುವುದಿಲ್ಲ. ಎಕ್ಸ್-ರೇ ಮತ್ತು ಎಕೋವನ್ನು ಬೆಸೆಯುವ ಫ್ಯೂಷನ್ ಇಮೇಜಿಂಗ್ ಮಾಡುವುದು ಈ ದಾಟುವಿಕೆಯನ್ನು. ಅನ್ನನಾಳದಲ್ಲಿರುವ ಎಕೋ ಪ್ರೋಬ್ ಎಕ್ಸ್-ರೇಯಲ್ಲಿ ಯಾವ ಭಂಗಿಯಲ್ಲಿ ಕಾಣುತ್ತಿದೆ ಎಂಬುದನ್ನು ಕಂಪ್ಯೂಟರ್ ಗುರುತಿಸಿ, ಎರಡೂ ಚಿತ್ರಗಳನ್ನು ಒಂದೇ ಅಳತೆಗೋಲಿಗೆ ತರುತ್ತದೆ. ಸಿ-ಆರ್ಮ್ ತಿರುಗಿದಂತೆ ಎಕೋ ಚಿತ್ರವೂ ಜತೆಗೆ ತಿರುಗುತ್ತದೆ. ಎಕೋದಲ್ಲಿ ಕವಾಟದ ಉಂಗುರದ ಮೇಲೆ ಒಂದು ಗುರುತು ಇಟ್ಟರೆ ಅದು ಎಕ್ಸ್-ರೇ ಪರದೆಯ ಮೇಲೂ ಮೂಡಿ ನಿಲ್ಲುತ್ತದೆ. ಸಿಟಿ ಚಿತ್ರವನ್ನು ಹೀಗೇ ಎಕ್ಸ್-ರೇ ಮೇಲೆ ಹೊದಿಸುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಆಧಾರ ಬೆನ್ನುಮೂಳೆ, ಸುಣ್ಣಗಟ್ಟಿದ ರಕ್ತನಾಳ, ಅಥವಾ ಮೇಜಿನ ಮೇಲೆಯೇ ಸಿ-ಆರ್ಮ್ ಸುತ್ತಿಸಿ ತೆಗೆದ ಚಿತ್ರ.

ಎಲ್ಲ ಪಂಪಿಗೂ ಇದು ಸಮನಾಗಿ ಬೇಕೆಂದು ನಾನು ಹೇಳುವುದಿಲ್ಲ. ಹಿಗ್ಗಿದ, ದೊಡ್ಡ ಹೃತ್ಕುಕ್ಷಿಗೆ ಮಹಾಪಧಮನಿಯಿಂದ ನೇರ ಇಳಿಯುವ ಪಂಪಿಗೆ ಎದೆಯ ಮೇಲಿಂದ ನೋಡುವ ಸಾಮಾನ್ಯ ಎಕೋ ಪಕ್ಕದಲ್ಲಿದ್ದರೆ ಸಾಕಾಗಬಹುದು. ಕಷ್ಟವಿರುವುದು ಬೇರೆ ಕಡೆ. ಗಿಡ್ಡ ಮೈಕಟ್ಟಿನವರ ಪುಟ್ಟ ಹೃತ್ಕುಕ್ಷಿ, ಆಘಾತಕ್ಕೀಡಾಗಿ ಮೆತ್ತಗಾದ ತುದಿಯ ಗೋಡೆ, ಬಿಗಿದುಕೊಂಡ ಮಹಾಪಧಮನಿ ಕವಾಟ, ಸುತ್ತಿಕೊಂಡ ಸೊಂಟದ ಧಮನಿಗಳು ಇಂಥವು. ಎಲ್ಲಕ್ಕಿಂತ ಹೆಚ್ಚಾಗಿ, ಹೃತ್ಕರ್ಣಗಳ ನಡುವಿನ ಗೋಡೆಯನ್ನು ಚುಚ್ಚಿ ಎಡಕ್ಕೆ ದಾಟಬೇಕಾದ ಸಾಧನಗಳು. ಟ್ಯಾಂಡೆಮ್‌ಹಾರ್ಟ್‌ನಂಥ ಪಂಪಿನಲ್ಲಿ ದಪ್ಪ ಕೊಳವೆ ಎಡ ಹೃತ್ಕರ್ಣದಿಂದ ರಕ್ತ ಹೀರಬೇಕು. ಎಕ್ಮೋದಲ್ಲಿರುವ ರೋಗಿಯ ಎಡ ಹೃದಯದ ಹೊರೆ ಇಳಿಸಲೂ ಕೆಲವರು ಇದೇ ದಾರಿ ಹಿಡಿಯುತ್ತಾರೆ. ಚುಚ್ಚುವ ಜಾಗ ಸ್ವಲ್ಪ ಮುಂದೆ ಸರಿದರೆ ಸೂಜಿ ಮಹಾಪಧಮನಿಗೆ ಹೋಗುತ್ತದೆ, ಹಿಂದೆ ಸರಿದರೆ ಹೃದಯದ ಹೊರಗೋಡೆಗೆ. ಕೊಳವೆಯ ತೂತುಗಳಲ್ಲಿ ಕೆಲವು ಬಲ ಹೃತ್ಕರ್ಣಕ್ಕೆ ಜಾರಿದರೆ ಆಮ್ಲಜನಕವಿಲ್ಲದ ರಕ್ತ ಧಮನಿಗೆ ಸೇರುತ್ತದೆ. ಆ ತೆಳು ಪೊರೆ ಎಕ್ಸ್-ರೇಗೆ ಕಾಣುವುದೇ ಇಲ್ಲ, ಎಕೋಗೆ ಸ್ಪಷ್ಟವಾಗಿ ಕಾಣುತ್ತದೆ. ಫ್ಯೂಷನ್‌ನ ಬೆಲೆ ಅತಿ ಹೆಚ್ಚು ತಿಳಿಯುವುದು ಇಲ್ಲಿ. ಮಹಾಪಧಮನಿಯ ಊತಕ್ಕೆ ಒಳಗಿನಿಂದ ಸ್ಟೆಂಟ್ ಹಾಕುವ ಚಿಕಿತ್ಸೆಯಲ್ಲಿ ಸಿಟಿ ಹೊದಿಕೆ ಬಳಸಿದಾಗ ಕಾಂಟ್ರಾಸ್ಟ್ ಮತ್ತು ವಿಕಿರಣ ಕಡಿಮೆ ಸಾಕಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಮೊದಲೇ ಸಿಟಿ ಆಗಿರುವ ರೋಗಿಗೆ ದಪ್ಪ ಪಂಪನ್ನು ತೊಡೆಸಂದಿನಿಂದ ಏರಿಸುವಾಗ ಅದೇ ಲಾಭ ಏಕೆ ಬೇಡ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಫ್ಯೂಷನ್‌ನಿಂದ ಪಂಪು ಇಟ್ಟ ರೋಗಿಗಳ ಸಾವು ಕಡಿಮೆಯಾಯಿತು ಎಂದು ತೋರಿಸಿದ ದೊಡ್ಡ ಯಾದೃಚ್ಛಿಕ ಪರೀಕ್ಷೆ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಇಲ್ಲ. ಕವಾಟದ ಕ್ಲಿಪ್, ಗೋಡೆ ಚುಚ್ಚುವಿಕೆ ಮುಂತಾದವುಗಳಲ್ಲಿ ನಡೆದ ಅಧ್ಯಯನಗಳು ಚಿಕ್ಕವು, ಅವುಗಳ ಫಲಿತಾಂಶವೂ ಒಂದೇ ರೀತಿಯಾಗಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಗೌರವಿಸುತ್ತೇನೆ, ಏಕೆಂದರೆ ಬಲೂನ್ ಪಂಪಿನ ಪಾಠ ನಮ್ಮೆಲ್ಲರ ಮುಂದಿದೆ: ತರ್ಕಕ್ಕೆ ಒಪ್ಪುವುದೆಲ್ಲ ರೋಗಿಗೆ ಒಳಿತು ಮಾಡುವುದಿಲ್ಲ. ಆದರೂ ಎರಡು ಮಾತು. ಸಾಧನ ಎಲ್ಲಿ ಕೂರುತ್ತದೆ ಎಂಬುದು ಫಲಿತಾಂಶವನ್ನು ಬದಲಿಸುತ್ತದೆ, ಚಿತ್ರ ಆ ಜಾಗವನ್ನು ಆರಿಸಲು ನೆರವಾಗುತ್ತದೆ ಎಂಬುದಕ್ಕೆ ಪಕ್ಕದ ಕ್ಷೇತ್ರದಲ್ಲಿ ಯಾದೃಚ್ಛಿಕ ಪುರಾವೆಯೇ ಇದೆ. ಹೃದಯದ ಎರಡೂ ಬದಿಯ ಬಡಿತವನ್ನು ಹೊಂದಿಸುವ ಸಿಆರ್‌ಟಿ ಪೇಸ್‌ಮೇಕರಿನ ತಂತಿಯನ್ನು ಎಲ್ಲಿ ಇಡಬೇಕೆಂದು ಎಕೋ ನೋಡಿ ನಿರ್ಧರಿಸಿದ ಟಾರ್ಗೆಟ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. 220 ರೋಗಿಗಳಲ್ಲಿ, ಎಕೋ ಹೇಳಿದ ಜಾಗಕ್ಕೆ ಗುರಿಯಿಟ್ಟವರ ಪೈಕಿ ಶೇ. 70 ಜನರ ಹೃದಯ ಆರು ತಿಂಗಳಲ್ಲಿ ಗಣನೀಯವಾಗಿ ಕುಗ್ಗಿ ಸುಧಾರಿಸಿತು. ಮಾಮೂಲಿ ವಿಧಾನದಲ್ಲಿ ಅದು ಶೇ. 55. ಅಲ್ಲಿ ಬಳಸಿದ್ದು ಫ್ಯೂಷನ್ ಅಲ್ಲ, ಮೊದಲೇ ತೆಗೆದ ಎಕೋ. ಪಂಪೂ ಅಲ್ಲ, ತಂತಿ. ಹಾಗಾಗಿ ಇದನ್ನು ನೇರ ಪುರಾವೆಯೆಂದು ಮುಂದಿಡುತ್ತಿಲ್ಲ, ದಿಕ್ಕು ತೋರಿಸುವ ಪುರಾವೆಯೆಂದು ಮಾತ್ರ. ಎರಡನೆಯದಾಗಿ, ಗೋಡೆ ತೂತಾಗುವಂಥ ವಿರಳ ಅನಾಹುತ ಕಡಿಮೆಯಾಯಿತೇ ಎಂದು ತಿಳಿಯಲು ಸಾವಿರಾರು ರೋಗಿಗಳ ಪರೀಕ್ಷೆ ಬೇಕು. ಡ್ಯಾಂಜರ್ ಶಾಕ್‌ಗೆ 355 ರೋಗಿಗಳನ್ನು ಕೂಡಿಸಲು ಹತ್ತು ವರ್ಷ ಹಿಡಿಯಿತು. ಅಂಥ ಪರೀಕ್ಷೆಗೆ ಕಾಯುತ್ತೇವೆ ಎಂದರೆ ಎಂದಿಗೂ ಮಾಡುವುದಿಲ್ಲ ಎಂದಷ್ಟೇ ಅರ್ಥ. ಪಂಪಿನ ಬಾಯಿಯ ಆಳ, ಜಾಗ ಸರಿಪಡಿಸಬೇಕಾದ ಸಲಗಳು, ಕಾಂಟ್ರಾಸ್ಟ್ ಪ್ರಮಾಣ, ರಕ್ತಕಣ ಒಡೆದದ್ದರ ಗುರುತುಗಳು, ಇವನ್ನು ಅಳೆಯುವ ಸಣ್ಣ ಅಧ್ಯಯನಗಳು ನಮ್ಮಲ್ಲೇ ಸಾಧ್ಯ.

ಎರಡನೇ ಆಕ್ಷೇಪ ಸಮಯದ್ದು. ಒತ್ತಡ 60ಕ್ಕೆ ಇಳಿದ ರೋಗಿಯ ಮುಂದೆ ಸಾಫ್ಟ್‌ವೇರ್ ಹೊಂದಿಸುತ್ತ ಕೂರಲಾಗದು. ಖಂಡಿತ ಕೂರಬಾರದು. ಆದರೆ ನಾನು ಕೇಳುತ್ತಿರುವುದು ಅದನ್ನಲ್ಲ. ಅಂಥ ಹೊತ್ತಿನಲ್ಲಿ ಮೊದಲು ಪಂಪು, ಅದರ ಜತೆಗೇ ಎದೆಯ ಮೇಲೊಂದು ಎಕೋ ಪ್ರೋಬ್, ಅಷ್ಟೇ. ಫ್ಯೂಷನ್ ಮೀಸಲಾಗಲಿ ಆ ಮೇಲಿನ ಕಷ್ಟದ ಗುಂಪಿಗೆ, ಪೂರ್ವಸಿದ್ಧತೆಯಿಂದ ಮಾಡುವ ಅಪಾಯದ ಆಂಜಿಯೋಪ್ಲಾಸ್ಟಿಗೆ, ಎಕ್ಮೋದಲ್ಲಿ ಸ್ಥಿರಗೊಂಡ ರೋಗಿಯ ಮುಂದಿನ ಹೆಜ್ಜೆಗೆ. ಅನ್ನನಾಳದ ಎಕೋಗೆ ರೋಗಿಗೆ ಮಂಪರು ಅಥವಾ ಅರಿವಳಿಕೆ ಕೊಡಬೇಕು, ಹಲವು ಸಲ ಉಸಿರಿನ ಕೊಳವೆಯನ್ನೂ ಹಾಕಬೇಕು ಎಂಬುದೂ ನಿಜ. ತೀವ್ರ ಶಾಕ್‌ನಲ್ಲಿರುವ ಹಲವರಿಗೆ ಆ ಕೊಳವೆ ಮೊದಲೇ ಬಿದ್ದಿರುತ್ತದೆ. ಎಚ್ಚರವಿರುವ ರೋಗಿಗೆ ಚಿತ್ರಕ್ಕಾಗಿಯೇ ಅರಿವಳಿಕೆ ಕೊಡುವುದು ಎಷ್ಟೋ ಸಲ ಚಿತ್ರ ತಪ್ಪಿಸುವ ಅಪಾಯಕ್ಕಿಂತ ದೊಡ್ಡ ಅಪಾಯವಾದೀತು. ಅಲ್ಲಿ ತೀರ್ಮಾನ ಮಂಚದ ಪಕ್ಕದಲ್ಲಿ ನಿಂತವರದು, ಪತ್ರ ಬರೆಯುವವನದಲ್ಲ.

ಅನುಭವಿ ಕೈಗೆ ಇದೆಲ್ಲ ಬೇಡ ಎಂಬ ಮಾತಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅನುಭವಿಗಳ ಕೈ ಪ್ರತಿ ರಾತ್ರಿ ಪ್ರತಿ ಊರಿನಲ್ಲಿ ಸಿಗುವುದಿಲ್ಲ, ಸಿಕ್ಕವರೂ ವಾರಕ್ಕೆ ಹತ್ತು ಪಂಪು ಇಡುವವರಲ್ಲ. ನನಗೆ ಹೆಚ್ಚು ಗಂಭೀರವಾಗಿ ಕಾಣುವ ಆಕ್ಷೇಪ ಮೂರನೆಯದು: ಬೆಸೆದ ಚಿತ್ರ ಸುಳ್ಳು ಹೇಳಬಲ್ಲದು. ಉಸಿರಾಟದೊಂದಿಗೆ ಹೃದಯ ಮೇಲೆ ಕೆಳಗೆ ಸರಿಯುತ್ತದೆ, ಬಡಿತದೊಂದಿಗೆ ತಿರುಚಿಕೊಳ್ಳುತ್ತದೆ. ನಿನ್ನೆ ತೆಗೆದ ಸಿಟಿಯಲ್ಲಿ ಹೃದಯ ಉಸಿರು ಬಿಗಿಹಿಡಿದ ಸ್ಥಿತಿಯಲ್ಲಿತ್ತು, ಮೇಜಿನ ಮೇಲೆ ವೆಂಟಿಲೇಟರ್ ಜತೆ ಏರಿಳಿಯುತ್ತಿದೆ. ಗಟ್ಟಿ ತಂತಿ ಹೋದ ಕೂಡಲೇ ಸುತ್ತಿಕೊಂಡ ಸೊಂಟದ ಧಮನಿ ನೆಟ್ಟಗಾಗುತ್ತದೆ, ಹೊದಿಸಿದ ಚಿತ್ರದಲ್ಲಿ ಅದು ಸುತ್ತಿಕೊಂಡೇ ಇರುತ್ತದೆ. ಎಕೋದಲ್ಲಿ ಇಟ್ಟ ಗುರುತು ರೋಗಿ ಕದಲಿದರೆ ತನ್ನ ಜಾಗದಲ್ಲೇ ಉಳಿದುಬಿಡುತ್ತದೆ. ಬಣ್ಣದ ಗೆರೆ ನಿಖರವಾಗಿ ಕಂಡಷ್ಟೂ ಅದನ್ನು ನಂಬುವ ಒತ್ತಡ ಹೆಚ್ಚು, 3.5 ಸೆಂಟಿಮೀಟರಿನ ಲೆಕ್ಕದಲ್ಲಿ ಒಂದು ಸೆಂಟಿಮೀಟರ್ ತಪ್ಪು ಸಣ್ಣದಲ್ಲ. ಆದ್ದರಿಂದ ಫ್ಯೂಷನ್ ಬಳಸುವವರು ಹೊಂದಾಣಿಕೆಯನ್ನು ಪದೇಪದೇ ಪರೀಕ್ಷಿಸಬೇಕು, ಗುರುತಿಗಿಂತ ಜೀವಂತ ಎಕೋ ಚಿತ್ರವನ್ನು ಮೇಲೆಂದು ಎಣಿಸಬೇಕು, ಎರಡೂ ಹೊಂದದಿದ್ದಾಗ ಹೊದಿಕೆಯನ್ನು ತೆಗೆದುಹಾಕಿ ಮುಂದುವರಿಯುವ ಧೈರ್ಯ ಇಟ್ಟುಕೊಂಡಿರಬೇಕು. ಈ ಶಿಸ್ತಿಲ್ಲದ ಕಡೆ ಫ್ಯೂಷನ್ ಬರದಿರುವುದೇ ಒಳ್ಳೆಯದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಹಾಗಾಗಿಯೇ ನನ್ನ ಬೇಡಿಕೆಯಲ್ಲಿ ಎಕೋ ಓದಬಲ್ಲ ಮನುಷ್ಯ ಮೊದಲು, ಬೆಸೆಯುವ ಯಂತ್ರ ಆಮೇಲೆ.

ಇದೇ ಕ್ರಮ ಹಣದ ಪ್ರಶ್ನೆಗೂ ಉತ್ತರ. ಒಂದು ಸಲ ಬಳಸಿ ತೆಗೆದುಹಾಕುವ ಪಂಪಿಗೆ ಹಲವು ಲಕ್ಷ ರೂಪಾಯಿ ಕೊಡುವ ವ್ಯವಸ್ಥೆ, ಅದು ಸರಿಯಾಗಿ ಕೂತಿದೆಯೇ ಎಂದು ನೋಡುವ ಎಕೋ ತಜ್ಞರನ್ನು ರಾತ್ರಿ ಪಾಳಿಗೆ ನೇಮಿಸಲು ಹಣವಿಲ್ಲ ಎನ್ನುವುದು ನ್ಯಾಯವಲ್ಲ. ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಕೊಟ್ಟು, ದೊಡ್ಡ ಕೇಂದ್ರಕ್ಕೆ ಕಳಿಸುವ ಹೃದಯ ಜ್ಯೋತಿ ಯೋಜನೆ ನಮ್ಮ ರಾಜ್ಯದಲ್ಲಿ ನಡೆಯುತ್ತಿದೆ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆಗಳಿವೆ. ಹೀಗೆ ಬೇಗ ಗುರುತಿಸಲಾದ ರೋಗಿಗಳಲ್ಲಿ ಕೆಲವರು ಶಾಕ್‌ನಲ್ಲೇ ನಿಮ್ಮ ಬಾಗಿಲಿಗೆ ಬರುತ್ತಾರೆ. ಪ್ರತಿ ಲ್ಯಾಬಿಗೂ ಫ್ಯೂಷನ್ ಸಾಫ್ಟ್‌ವೇರ್ ಬೇಕಿಲ್ಲ. ಪಂಪು ಇಡುವ ಕೆಲವೇ ಕೇಂದ್ರಗಳಲ್ಲಿ ಅದಿದ್ದು, ಉಳಿದವು ರೋಗಿಯನ್ನು ಬೇಗ ಅಲ್ಲಿಗೆ ದಾಟಿಸಿದರೆ ಹಣವೂ ಅನುಭವವೂ ಒಂದೆಡೆ ಸೇರುತ್ತವೆ.

ನೀವು ನಾಳೆಯಿಂದಲೇ ಮಾಡಬಹುದಾದವುಗಳಿಗೆ ಯಾವ ಖರೀದಿಯೂ ಬೇಕಿಲ್ಲ. ಶಾಕ್ ತಂಡವನ್ನು ಕರೆಯುವ ಫೋನ್ ಎಕೋ ನೋಡುವವರಿಗೂ ಹೋಗಲಿ. ಮೇಜಿನ ಮೇಲೆ ಪಂಪಿನ ಬಾಯಿ ಎಷ್ಟು ಸೆಂಟಿಮೀಟರ್ ಆಳದಲ್ಲಿತ್ತು ಎಂಬುದನ್ನು ಚಿತ್ರದೊಂದಿಗೆ ಕಡತಕ್ಕೆ ಸೇರಿಸಿ. ರೋಗಿಯನ್ನು ಐಸಿಯು ಮಂಚಕ್ಕೆ ವರ್ಗಾಯಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಪಂಪು ಜಾರುವುದು ಅನೇಕ ಸಲ ಆಗ. ಗೋಡೆಗೆ ಗಾಯವಾದರೆ, ಪಂಪು ತಪ್ಪು ಜಾಗದಲ್ಲಿ ಕೂತು ಹಾನಿಯಾದರೆ, 2015ರಿಂದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತಿರುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಿ. ಎಫ್‌ಡಿಎ ಪ್ರಕಟಿಸಿದ ಆ 129 ವರದಿಗಳನ್ನು ಯಾರೋ ಕೂತು ಬರೆದದ್ದರಿಂದ ಇಂದು ನಿಮ್ಮ ಪಂಪಿನ ಪೆಟ್ಟಿಗೆಯೊಳಗಿನ ಸೂಚನೆ ಬದಲಾಗಿದೆ. ನಮ್ಮ ರೋಗಿಗಳ ಮೈಕಟ್ಟು, ಹೃತ್ಕುಕ್ಷಿಯ ಅಳತೆ, ಧಮನಿಗಳ ಗಾತ್ರ ಇವೆಲ್ಲ ಸೇರಿದ ಲೆಕ್ಕ ನಿಮ್ಮ ಬಳಿ ಮಾತ್ರ ಇರಲು ಸಾಧ್ಯ. ಮುಂದಿನ ಸಮ್ಮೇಳನದಲ್ಲಿ ಆ ಲೆಕ್ಕವನ್ನು ಮುಂದಿಡಿ: ಎಷ್ಟು ಪಂಪು ಇಟ್ಟಿರಿ, ಎಷ್ಟರಲ್ಲಿ ಎಕೋ ಜತೆಗಿತ್ತು, ಎಷ್ಟನ್ನು ಆಮೇಲೆ ಸರಿಪಡಿಸಬೇಕಾಯಿತು.

ಇಂತಿ, ಗೌರವದೊಂದಿಗೆ,
ಒಬ್ಬ ಆರೋಗ್ಯ ಬರಹಗಾರ